ಬಲ್ಬು ಕಪ್ಪಾಗುವುದೇಕೆ ಎಂದು ಕೇಳಿದ ವಿಜ್ಞಾನಿ: ಇರ್ವಿಂಗ್ ಲ್ಯಾಂಗ್ಮ್ಯೂರ್



ಸಂಜೆಯಾಗುತ್ತಲೇ ಗೋಪಾಳದ ಮನೆಮನೆಯಲ್ಲಿ ದೀಪ ಹತ್ತುತ್ತದೆ. ಸ್ವಿಚ್ ಒತ್ತಿದೆವು, ಬೆಳಕು ಬಂತು. ನಮ್ಮ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಕರೆಂಟಿನ ಬೆಲೆ ಏನೆಂಬುದನ್ನು ಶಿವಮೊಗ್ಗ ಜಿಲ್ಲೆಯವರಾದ ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟು ಎದ್ದು ಬಂದವು. ಆ ನೀರಿನ ಬಲದಿಂದ ತಿರುಗುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ರಾಜ್ಯವೆಲ್ಲ ಬೆಳಗುವ ಆ ಕರೆಂಟಿನಲ್ಲಿ ಯಾರೋ ಕಳೆದುಕೊಂಡ ಊರಿನ ಪಾಲೂ ಇದೆ.

ಇಷ್ಟು ಬೆಲೆ ತೆತ್ತು ತಂದ ಕರೆಂಟನ್ನು ನಾವು ಬಹಳ ಕಾಲ ಹೇಗೆ ಉರಿಸಿದೆವು, ಬಲ್ಲಿರಾ? ನಮ್ಮ ತಂದೆ ತಾಯಂದಿರ ಕಾಲದ ಹಳದಿ ಬೆಳಕಿನ ಬುರುಡೆ ಬಲ್ಬು ನೂರು ಪಾಲು ಕರೆಂಟು ಉಂಡರೆ ಬೆಳಕಾಗಿ ಕೊಡುತ್ತಿದ್ದುದು ಸುಮಾರು ಐದು ಪಾಲು. ಉಳಿದದ್ದೆಲ್ಲ ಶಾಖವಾಗಿ ಹೋಗುತ್ತಿತ್ತು. ಉರಿಯುತ್ತಿದ್ದ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದರ ಸಾಕ್ಷಿ ಬೇಕಿಲ್ಲ. ಆದರೆ ಆ ಬಲ್ಬು ಕೂಡ ತನ್ನ ಹಿಂದಿನ ಬಲ್ಬುಗಳಿಗಿಂತ ಎಷ್ಟೋ ಮೇಲು. ಅದನ್ನು ಆ ಮಟ್ಟಕ್ಕೆ ತಂದವರಲ್ಲಿ ಮುಖ್ಯರಾದವರು ಅಮೆರಿಕದ ರಸಾಯನ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್. ಎಡಿಸನ್ ಹೆಸರು ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಲ್ಯಾಂಗ್ಮ್ಯೂರ್ ಹೆಸರು ಕಾಲೇಜು ವಿದ್ಯಾರ್ಥಿಗಳಲ್ಲೂ ಅನೇಕರಿಗೆ ಗೊತ್ತಿಲ್ಲ. ಆ ಮಹನೀಯರ ಬದುಕನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಎಲೆ ಕಾಣದ ಹುಡುಗ

ಇರ್ವಿಂಗ್ ಲ್ಯಾಂಗ್ಮ್ಯೂರ್ ಹುಟ್ಟಿದ್ದು 1881ರ ಜನವರಿ 31ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಎಡಿಸನ್ ತಮ್ಮ ಇಂಗಾಲದ ತಂತುವಿನ ದೀಪವನ್ನು ಉರಿಸಿ ತೋರಿಸಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ತಂದೆ ಚಾರ್ಲ್ಸ್ ವಿಮಾ ಕಂಪನಿಯಲ್ಲಿ ಉದ್ಯೋಗಿ. ನಾಲ್ವರು ಗಂಡುಮಕ್ಕಳಲ್ಲಿ ಇರ್ವಿಂಗ್ ಮೂರನೆಯವರು. ಕಂಡದ್ದನ್ನು ಗಮನವಿಟ್ಟು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು ಎಂಬ ರೂಢಿಯನ್ನು ತಂದೆ ತಾಯಿ ಮಕ್ಕಳಿಗೆ ಹಚ್ಚಿದ್ದರು.

ಆದರೆ ಈ ಹುಡುಗನಿಗೆ ದೂರದ್ದು ಸರಿಯಾಗಿ ಕಾಣಿಸುತ್ತಲೇ ಇರಲಿಲ್ಲ! ಅದು ಮನೆಯವರಿಗೆ ತಿಳಿದದ್ದು ಅವರಿಗೆ ಸುಮಾರು ಹನ್ನೊಂದು ವರ್ಷವಾದಾಗ. ಕನ್ನಡಕ ಬಂದ ಮೇಲೆ ಹಸಿರು ಮುದ್ದೆಯಂತಿದ್ದ ಮರದಲ್ಲಿ ಒಂದೊಂದು ಎಲೆಯೂ ಬೇರೆಯಾಗಿ ಕಂಡಿತು. ಅಂದಿನಿಂದ ಸಣ್ಣ ಸಣ್ಣ ವಿವರಗಳನ್ನು ಹುಡುಕಿ ನೋಡುವ ಅವರ ಆಸೆ ಕೊನೆಯವರೆಗೂ ತಣಿಯಲಿಲ್ಲ. ಅಣ್ಣ ಆರ್ಥರ್ ರಸಾಯನಶಾಸ್ತ್ರ ಓದಿದವರು. ತಮ್ಮನಿಗೆ ಮಲಗುವ ಕೋಣೆಯ ಮೂಲೆಯಲ್ಲೇ ಒಂದು ಪುಟ್ಟ ಪ್ರಯೋಗಾಲಯ ಮಾಡಿಕೊಟ್ಟರು. ಮನೆಯಲ್ಲಿ ಹಿರಿಯರೊಬ್ಬರು ಕೈ ಹಿಡಿದರೆ ಕಿರಿಯರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಇದೊಂದು ಉದಾಹರಣೆ.

ಓದು ಮತ್ತು ಉದ್ಯೋಗ

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರದ ಎಂಜಿನಿಯರಿಂಗ್ ಓದಿ 1903ರಲ್ಲಿ ಪದವಿ ಪಡೆದ ಲ್ಯಾಂಗ್ಮ್ಯೂರ್, ಮುಂದಿನ ಓದಿಗೆ ಜರ್ಮನಿಯ ಗಟ್ಟಿಂಗೆನ್‌ಗೆ ಹೋದರು. ಅಲ್ಲಿ ವಾಲ್ಟರ್ ನೆರ್ನ್ಸ್ಟ್ ಎಂಬ ಪ್ರಸಿದ್ಧ ವಿಜ್ಞಾನಿ ಅವರ ಗುರು. ಕಾಯ್ದು ಕೆಂಪಾದ ಪ್ಲಾಟಿನಂ ತಂತಿಯ ಬಳಿ ಅನಿಲಗಳು ಹೇಗೆ ಒಡೆಯುತ್ತವೆ ಎಂಬುದೇ ಅವರ ಸಂಶೋಧನೆಯ ವಿಷಯ. 1906ರಲ್ಲಿ ಡಾಕ್ಟರೇಟ್ ದೊರೆಯಿತು. ಬಿಸಿ ತಂತಿ ಮತ್ತು ಅದರ ಸುತ್ತಲಿನ ಅನಿಲ, ಈ ಎರಡು ಮಾತನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇವೆರಡರದ್ದೇ.

ಊರಿಗೆ ಮರಳಿ ಒಂದು ತಾಂತ್ರಿಕ ಕಾಲೇಜಿನಲ್ಲಿ ಮೂರು ವರ್ಷ ಪಾಠ ಹೇಳಿದರು. ಪಾಠದ ಹೊರೆಯಲ್ಲಿ ಸಂಶೋಧನೆಗೆ ಬಿಡುವೇ ಸಿಗುತ್ತಿರಲಿಲ್ಲ. 1909ರ ಬೇಸಿಗೆ ರಜೆಯಲ್ಲಿ ಸ್ಕೆನೆಕ್ಟಡಿ ಎಂಬ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯಕ್ಕೆ ಕೆಲವು ವಾರಗಳ ಕೆಲಸಕ್ಕೆಂದು ಹೋದರು. ಹೋದವರು ಅಲ್ಲಿಯೇ ನಿಂತು 1950ರಲ್ಲಿ ನಿವೃತ್ತರಾದರು.

ಈ ಕಂಪನಿ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಾಗ, ಅದರ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಇದೇ ಜನರಲ್ ಎಲೆಕ್ಟ್ರಿಕ್. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪಗಳು ಬೆಳಗಿದವು. ಕರೆಂಟು ಬಂತು, ಬಲ್ಬೂ ಬಂತು. ಆದರೆ ಆ ಬಲ್ಬು ಕರೆಂಟನ್ನು ಪೋಲು ಮಾಡುವ ಬಲ್ಬು.

ಬಲ್ಬು ಕಪ್ಪಾಗುವುದೇಕೆ?

ಬಲ್ಬಿನ ಒಳಗುಟ್ಟನ್ನು ಇಲ್ಲಿ ಸ್ವಲ್ಪ ತಿಳಿಯೋಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ನೆರೆಹೊರೆಯಲ್ಲಿದ್ದರೆ ಕೇಳಿ ನೋಡಿ. ಕಬ್ಬಿಣ ಕಾಯುತ್ತಾ ಹೋದಂತೆ ಮೊದಲು ಮಂದ ಕೆಂಪು, ಆಮೇಲೆ ಹಳದಿ, ಕೊನೆಗೆ ಕಣ್ಣು ಕೋರೈಸುವ ಬಿಳುಪು. ಶಾಖ ಹೆಚ್ಚಿದಷ್ಟೂ ಬೆಳಕಿನ ಪಾಲು ಹೆಚ್ಚುತ್ತದೆ. ಬಲ್ಬಿನ ತಂತಿಯೂ ಹಾಗೆಯೇ. ತಂತಿಯನ್ನು ಹೆಚ್ಚು ಕಾಯಿಸಿದರೆ ಅದೇ ಕರೆಂಟಿಗೆ ಹೆಚ್ಚು ಬೆಳಕು. ಆದರೆ ಕಾಯಿಸುತ್ತಾ ಹೋದರೆ ತಂತಿಯೇ ಉಳಿಯುವುದಿಲ್ಲ. ಇದೇ ಸಮಸ್ಯೆ.

ಎಡಿಸನ್ನರ ಇಂಗಾಲದ ತಂತು ಹೆಚ್ಚು ಶಾಖ ತಾಳುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೋಹದ ತಂತುಗಳು ಬಂದವು. ಅವುಗಳಲ್ಲಿ ಟಂಗ್‌ಸ್ಟನ್ ಶ್ರೇಷ್ಠ. ಅದು ಕರಗುವುದು 3422 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಆದರೆ ಅದು ಗಾಜಿನಂತೆ ಮುರಿಯುವ ಲೋಹ. ಲ್ಯಾಂಗ್ಮ್ಯೂರರ ಸಹೋದ್ಯೋಗಿ ವಿಲಿಯಂ ಕೂಲಿಡ್ಜ್ 1910ರ ಹೊತ್ತಿಗೆ ಅದನ್ನು ಬಗ್ಗುವ ಸಣ್ಣ ತಂತಿಯಾಗಿ ಎಳೆಯುವ ವಿಧಾನ ಕಂಡುಹಿಡಿದರು. ಅಷ್ಟಾದರೂ ತೊಂದರೆ ತಪ್ಪಲಿಲ್ಲ. ಕೆಲವು ದಿನ ಉರಿದ ಮೇಲೆ ಗಾಜಿನ ಬುರುಡೆಯ ಒಳಗೆ ಕಪ್ಪು ಹಿಡಿಯುತ್ತಿತ್ತು, ಬೆಳಕು ಮಂಕಾಗುತ್ತಿತ್ತು, ತಂತಿ ಸವೆದು ತುಂಡಾಗುತ್ತಿತ್ತು.

ಎಲ್ಲರೂ ನಂಬಿದ್ದ ಕಾರಣ ಒಂದೇ: ಬುರುಡೆಯೊಳಗೆ ಇನ್ನೂ ಸ್ವಲ್ಪ ಗಾಳಿ ಉಳಿದಿದೆ, ಅದನ್ನು ಪೂರ್ತಿ ಹೊರತೆಗೆದರೆ ಬಲ್ಬು ಬಾಳುತ್ತದೆ. ಹೀಗಾಗಿ ಎಲ್ಲರ ಪ್ರಯತ್ನವೂ ನಿರ್ವಾತವನ್ನು ಉತ್ತಮಪಡಿಸುವುದರಲ್ಲೇ ಇತ್ತು. ಲ್ಯಾಂಗ್ಮ್ಯೂರ್ ಮಾತ್ರ ತಿರುಗಿ ಯೋಚಿಸಿದರು. ಗಾಳಿ ಪೂರ್ತಿ ತೆಗೆಯುವುದು ಕಷ್ಟವಾದರೆ, ಬೇಕೆಂದೇ ಒಂದೊಂದು ಅನಿಲವನ್ನು ಒಳಗೆ ಬಿಟ್ಟು ಯಾವುದು ಏನು ಮಾಡುತ್ತದೆ ಎಂದು ಏಕೆ ನೋಡಬಾರದು? ಕೆಡುಕನ್ನು ತೆಗೆಯಲಾಗದಿದ್ದರೆ ಅದನ್ನು ಹೆಚ್ಚಿಸಿ ಅದರ ಗುಣ ತಿಳಿಯುವ ಕ್ರಮ ಇದು.

ಈ ಕೆಲಸದಲ್ಲಿ ಮೂರು ವರ್ಷಗಳಷ್ಟು ಕಾಲ ಕಳೆಯಿತು. ಕಂಪನಿಗೆ ಒಂದು ಕಾಸಿನ ಲಾಭವೂ ಕಾಣಲಿಲ್ಲ. ಇನ್ನೊಬ್ಬರ ಹಣ ಖರ್ಚು ಮಾಡಿ ತಮ್ಮ ಕುತೂಹಲ ತಣಿಸಿಕೊಳ್ಳುತ್ತಿದ್ದೇನೆ ಎಂಬ ಸಂಕೋಚ ಲ್ಯಾಂಗ್ಮ್ಯೂರರನ್ನು ಕಾಡಿತು. ಅದನ್ನು ಅವರು ಪ್ರಯೋಗಾಲಯದ ಮುಖ್ಯಸ್ಥ ವಿಲ್ಲಿಸ್ ವಿಟ್ನಿಯವರಲ್ಲಿ ಹೇಳಿಕೊಂಡರು. ವಿಟ್ನಿ ಲಾಭದ ಲೆಕ್ಕ ಕೇಳಲಿಲ್ಲ, ಕೆಲಸ ಮುಂದುವರಿಸಲು ಹುರಿದುಂಬಿಸಿದರು. ಓದುಗರೇ, ಸಂಸ್ಥೆ ನಡೆಸುವವರು ಈ ಪ್ರಸಂಗವನ್ನು ಮರೆಯಬಾರದು. ಫಲ ಬರುವ ಮುನ್ನ ನೀರೆರೆಯುವ ತಾಳ್ಮೆ ವಿಟ್ನಿಯವರಲ್ಲಿ ಇಲ್ಲದಿದ್ದರೆ ಲ್ಯಾಂಗ್ಮ್ಯೂರರ ಕೆಲಸ ನಡುವೆಯೇ ನಿಲ್ಲುತ್ತಿತ್ತು.

ಎರಡು ಗುಟ್ಟುಗಳು

ಕೊನೆಗೆ ಕಪ್ಪಿನ ಗುಟ್ಟು ಬಯಲಾಯಿತು. ಹೆಚ್ಚಿನ ಅನಿಲಗಳದ್ದು ತಪ್ಪೇ ಇರಲಿಲ್ಲ. ನೀರು ಆವಿಯಾಗುವ ಹಾಗೆ ಕಾದ ಟಂಗ್‌ಸ್ಟನ್ ತಾನೇ ಆವಿಯಾಗಿ ಹೋಗಿ ಗಾಜಿಗೆ ಅಂಟುತ್ತಿತ್ತು. ಎಷ್ಟೇ ಒಳ್ಳೆಯ ನಿರ್ವಾತ ಮಾಡಿದರೂ ಇದು ನಿಲ್ಲುವಂತಿರಲಿಲ್ಲ.

ನಿಜವಾದ ಅಪರಾಧಿಯಾಗಿದ್ದ ಅನಿಲವೆಂದರೆ ನೀರಿನ ಆವಿ ಒಂದೇ. ಗಾಜಿನ ಮೈಯಿಂದ ಹೊರಟ ನೀರಿನ ಅಂಶ ಬಿಸಿ ತಂತಿಗೆ ತಾಗಿ ಒಡೆಯುತ್ತದೆ. ಅದರ ಆಮ್ಲಜನಕ ಟಂಗ್‌ಸ್ಟನ್ನನ್ನು ಹೊತ್ತು ಗಾಜಿಗೆ ಒಯ್ಯುತ್ತದೆ. ಅಲ್ಲಿ ಜಲಜನಕ ಬಂದು ಆ ಆಮ್ಲಜನಕವನ್ನು ಕಿತ್ತುಕೊಂಡು ಮತ್ತೆ ನೀರಾಗುತ್ತದೆ, ಟಂಗ್‌ಸ್ಟನ್ ಗಾಜಿನ ಮೇಲೆ ಕಪ್ಪಾಗಿ ಉಳಿಯುತ್ತದೆ. ನೀರು ಮತ್ತೆ ತಂತಿಯ ಬಳಿಗೆ ಹೊರಡುತ್ತದೆ. ಬರಿಗೈಯಲ್ಲಿ ಬಂದು ಹೊರೆ ಹೊತ್ತು ಹೋಗುವ ಕಳ್ಳನ ಹಾಗೆ ಇದು ಎಷ್ಟು ಸಲವಾದರೂ ನಡೆಯುತ್ತದೆ. ಅಳತೆಗೆ ಸಿಗದಷ್ಟು ತೇವ ಸಾಕು, ಬಲ್ಬು ಕೆಡಲು!

ತಂತಿ ಆವಿಯಾಗುವುದನ್ನು ತಡೆಯುವುದು ಹೇಗೆ? ಟಂಗ್‌ಸ್ಟನ್ ಜೊತೆ ಬೆರೆಯದ ಒಣ ಅನಿಲವನ್ನು ಬುರುಡೆಯಲ್ಲಿ ತುಂಬಬೇಕು. ಸಾರಜನಕ ತುಂಬಿದಾಗ ತಂತಿಯಿಂದ ಹಾರಿದ ಕಣಗಳು ಅನಿಲದ ಕಣಗಳಿಗೆ ಡಿಕ್ಕಿ ಹೊಡೆದು ಬಹುಪಾಲು ತಂತಿಗೇ ಮರಳುತ್ತಿದ್ದವು. ಹಬ್ಬದ ಸಂತೆಯ ಜನಜಂಗುಳಿಯಲ್ಲಿ ನುಗ್ಗಿ ಹೊರಬರಲು ಹೊರಟವನು ತಳ್ಳಿಸಿಕೊಂಡು ಇದ್ದಲ್ಲಿಗೇ ಬಂದು ನಿಲ್ಲುವ ಹಾಗೆ.

ಆದರೆ ಹೊಸ ಕಷ್ಟ ಎದುರಾಯಿತು. ತುಂಬಿದ ಅನಿಲ ತಂತಿಯ ಶಾಖವನ್ನೇ ಹೊತ್ತೊಯ್ಯತೊಡಗಿತು. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಸೋರಿತು. ಲ್ಯಾಂಗ್ಮ್ಯೂರ್ ಆ ಸೋರಿಕೆಯನ್ನು ಅಳೆದರು. ಬಿಸಿ ತಂತಿಯ ಸುತ್ತ ಅಲುಗಾಡದೆ ನಿಂತ ಅನಿಲದ ತೆಳು ಪದರವೊಂದು ಇರುತ್ತದೆ. ಅದರಿಂದಾಗಿ ತಂತಿ ಸಣ್ಣದಾದರೂ ದಪ್ಪವಾದರೂ ಅನಿಲಕ್ಕೆ ಹೋಗುವ ಶಾಖದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬೆಳಕು ಮಾತ್ರ ದಪ್ಪ ತಂತಿಯಿಂದ ಹೆಚ್ಚು. ಹಾಗಾದರೆ ತಂತಿ ದಪ್ಪವಿರಬೇಕು. ಆದರೆ ದಪ್ಪ ತಂತಿಗೆ ಮನೆಯ ವೋಲ್ಟೇಜಿನಲ್ಲಿ ವಿಪರೀತ ಕರೆಂಟು ಹರಿಯುತ್ತದೆ.

ಇದಕ್ಕೆ ಅವರು ಕಂಡ ದಾರಿ ಬಹಳ ಸರಳ. ಸಣ್ಣ ತಂತಿಯನ್ನೇ ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ ಸುತ್ತಿದರು. ಮಲೆನಾಡಿನ ಮಾಗಿ ಚಳಿಯಲ್ಲಿ ನಾವು ಕೈಕಾಲು ಮುದುಡಿ ಕಂಬಳಿಯೊಳಗೆ ಮಲಗುವುದಿಲ್ಲವೇ? ಚಾಚಿ ಮಲಗಿದರೆ ಮೈಯ ಬಿಸಿ ಹೋಗುತ್ತದೆ, ಮುದುಡಿದರೆ ಉಳಿಯುತ್ತದೆ. ಸುರುಳಿ ಸುತ್ತಿದ ತಂತಿ ಅನಿಲಕ್ಕೆ ಒಂದೇ ದಪ್ಪ ಸರಳಿನ ಹಾಗೆ ವರ್ತಿಸಿತು, ಶಾಖದ ಸೋರಿಕೆ ಇಳಿಯಿತು. ನಿರ್ವಾತದಲ್ಲಿ ಸುಮಾರು 2100 ಡಿಗ್ರಿಯಲ್ಲಿ ನಿಲ್ಲಿಸಬೇಕಾಗಿದ್ದ ತಂತಿಯನ್ನು ಈಗ 2500 ಡಿಗ್ರಿಯ ಆಸುಪಾಸಿಗೆ ಕಾಯಿಸಲು ಸಾಧ್ಯವಾಯಿತು. ಬೆಳಕು ಹಳದಿಯಿಂದ ಬಿಳುಪಿನ ಕಡೆ ಸರಿಯಿತು.

ಅರ್ಧ ವ್ಯಾಟಿನ ದೀಪ

ಅನಿಲ ತುಂಬಿದ ಈ ದೀಪ 1913ರಲ್ಲಿ ಸಿದ್ಧವಾಯಿತು. ಪೇಟೆಂಟ್ ಸಿಕ್ಕಿದ್ದು 1916ರಲ್ಲಿ. ಒಂದು ಮೇಣದಬತ್ತಿಯಷ್ಟು ಬೆಳಕಿಗೆ ಇಂಗಾಲದ ದೀಪ ಸುಮಾರು 3 ವ್ಯಾಟ್ ತಿನ್ನುತ್ತಿತ್ತು. ನಿರ್ವಾತದ ಟಂಗ್‌ಸ್ಟನ್ ದೀಪಕ್ಕೆ ಒಂದು ವ್ಯಾಟಿಗಿಂತ ಸ್ವಲ್ಪ ಹೆಚ್ಚು ಬೇಕಾಗಿತ್ತು. ಲ್ಯಾಂಗ್ಮ್ಯೂರರ ದೊಡ್ಡ ದೀಪಗಳಿಗೆ ಸುಮಾರು ಅರ್ಧ ವ್ಯಾಟ್ ಸಾಕಾಯಿತು. ಹಾಗಾಗಿ ಯುರೋಪಿನ ಅಂಗಡಿಗಳಲ್ಲಿ ಇಂತಹ ದೀಪಕ್ಕೆ ಅರ್ಧ ವ್ಯಾಟಿನ ದೀಪವೆಂದೇ ಹೆಸರಾಯಿತು. ಮುಂದೆ ಸಾರಜನಕದ ಜಾಗಕ್ಕೆ ಶಾಖವನ್ನು ಇನ್ನೂ ಕಡಿಮೆ ಒಯ್ಯುವ ಆರ್ಗಾನ್ ಬಂತು. ಅನಿಲ ತುಂಬಿದ ಬುರುಡೆ ಮತ್ತು ಸುರುಳಿ ತಂತಿ ಮನೆಬಳಕೆಯ ಬಲ್ಬುಗಳ ಮಾದರಿಯಾಗಿ ಜಗತ್ತಿನಲ್ಲೆಲ್ಲ ಹರಡಿತು. ನಮ್ಮ ಬೆಂಗಳೂರಿನಲ್ಲೇ 1936ರಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಸ್ಥಾಪನೆಯಾಗಿ, ಅದರ ಬಲ್ಬುಗಳು ಎರಡು ಮೂರು ತಲೆಮಾರು ಕನ್ನಡಿಗರ ಮನೆಗಳನ್ನು ಬೆಳಗಿದವು.

ಬಿಸಿ ತಂತಿಯ ಮೇಲೆ ಅನಿಲದ ಕಣಗಳು ಒಂದೇ ಒಂದು ಪದರವಾಗಿ ಅಂಟಿಕೊಳ್ಳುವುದನ್ನು ಲ್ಯಾಂಗ್ಮ್ಯೂರ್ ಈ ಕೆಲಸದಲ್ಲೇ ಗಮನಿಸಿದ್ದರು. ಅದರಿಂದ ಬೆಳೆದ ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ 1932ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ನಮ್ಮ ಸರ್ ಸಿ. ವಿ. ರಾಮನ್ ಅವರಿಗೆ ನೊಬೆಲ್ ಬಂದು ಆಗ ಎರಡೇ ವರ್ಷವಾಗಿತ್ತು. ಬಲ್ಬಿನ ಕಪ್ಪು ಕಲೆಯನ್ನು ಬೆನ್ನಟ್ಟಿದವರು ಜಗತ್ತಿನ ಅತಿ ದೊಡ್ಡ ಗೌರವಕ್ಕೆ ಪಾತ್ರರಾದರು.

ಜೊತೆಗೆ ಬೆಳೆದವರು

ಲ್ಯಾಂಗ್ಮ್ಯೂರರ ಜೊತೆ ಕೆಲಸ ಮಾಡಿದ ಇಬ್ಬರನ್ನು ನಮ್ಮ ವಿದ್ಯಾರ್ಥಿ, ವಿದ್ಯಾರ್ಥಿನಿಯರು ವಿಶೇಷವಾಗಿ ತಿಳಿಯಬೇಕು. ಒಬ್ಬರು ಕ್ಯಾಥರೀನ್ ಬ್ಲಾಡ್ಜೆಟ್. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡ ಈಕೆ ಆ ಪ್ರಯೋಗಾಲಯ ಸೇರಿದ ಮೊದಲ ಮಹಿಳಾ ವಿಜ್ಞಾನಿ. 1926ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯಾದರು. ದೀಪದ ತಂತುವಿನ ಸುಧಾರಣೆಯಲ್ಲೂ ಅವರ ಪಾಲಿದೆ. ಇನ್ನೊಬ್ಬರು ವಿನ್ಸೆಂಟ್ ಶೇಫರ್. ಮನೆಯ ಕಷ್ಟಕ್ಕೆ ಹೈಸ್ಕೂಲು ಮುಗಿಸದೆ ಯಂತ್ರದ ಕೆಲಸಕ್ಕೆ ಸೇರಿದ ಹುಡುಗ. ಅವರ ಕೈಚಳಕ, ಬುದ್ಧಿ ಎರಡನ್ನೂ ಕಂಡ ಲ್ಯಾಂಗ್ಮ್ಯೂರ್ ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. ಪದವಿಯಿಲ್ಲದ ಆ ಶೇಫರ್ 1946ರಲ್ಲಿ ಮೋಡಕ್ಕೆ ಒಣ ಮಂಜುಗಡ್ಡೆ ಎರಚಿ ಹಿಮ ಸುರಿಸಬಹುದೆಂದು ತೋರಿಸಿಕೊಟ್ಟರು. 2003ರಲ್ಲಿ ಬರಗಾಲದ ನಡುವೆ ನಮ್ಮ ರಾಜ್ಯ ಸರ್ಕಾರ ಕೈಗೊಂಡ ವರುಣ ಮೋಡ ಬಿತ್ತನೆ ಯೋಜನೆಯ ಮೂಲ ಈ ಪ್ರಯೋಗಾಲಯದಲ್ಲಿದೆ.

ಹಾಗೆಂದು ಲ್ಯಾಂಗ್ಮ್ಯೂರ್ ತಪ್ಪೇ ಮಾಡದವರಲ್ಲ. 1947ರಲ್ಲಿ ಒಂದು ಚಂಡಮಾರುತಕ್ಕೆ ಮೋಡ ಬಿತ್ತನೆ ಮಾಡಿದಾಗ ಅದು ದಿಕ್ಕು ಬದಲಿಸಿ ಜಾರ್ಜಿಯಾ ರಾಜ್ಯದ ತೀರಕ್ಕೆ ಅಪ್ಪಳಿಸಿತು. ಅದು ಬಿತ್ತನೆಯ ಪರಿಣಾಮವೆಂದೇ ಅವರು ನಂಬಿದರು. ಹವಾಮಾನ ತಜ್ಞರು ಒಪ್ಪಲಿಲ್ಲ. ವಿಜ್ಞಾನಿಗಳು ತಮಗೆ ಬೇಕಾದದ್ದನ್ನೇ ಕಂಡು ಹೇಗೆ ಮೋಸಹೋಗುತ್ತಾರೆ ಎಂದು 1953ರಲ್ಲಿ ಉಪನ್ಯಾಸ ಕೊಟ್ಟವರೂ ಇವರೇ. ಬಲ್ಬಿನ ವಿಷಯದಲ್ಲಿ ಒಂದೊಂದೇ ಅನಿಲ ಬಿಟ್ಟು, ಅಳೆದು, ಮತ್ತೆ ಅಳೆದು ನೋಡಲು ಸಾಧ್ಯವಿತ್ತು. ಆಕಾಶದ ಮೋಡವನ್ನು ಹಾಗೆ ಬುರುಡೆಯಲ್ಲಿ ಹಿಡಿದಿಡಲು ಬರುವುದಿಲ್ಲ. ಅಳತೆ ಸಾಲದ ಕಡೆ ದೊಡ್ಡವರ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕು.

1957ರ ಆಗಸ್ಟ್ 16ರಂದು ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ, 76ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ನಮ್ಮ ಪಾಲಿನ ಲೆಕ್ಕ

ಲ್ಯಾಂಗ್ಮ್ಯೂರರ ಬಲ್ಬಿನ ಕಾಲವೂ ಮುಗಿಯಿತು. ತಂತಿ ಕಾಯಿಸಿ ಬೆಳಕು ಪಡೆಯುವ ದಾರಿಯಲ್ಲಿ ಅದಕ್ಕಿಂತ ಬಹಳ ಮುಂದೆ ಹೋಗುವಂತಿರಲಿಲ್ಲ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಂದವು. ನೀಲಿ ಎಲ್‌ಇಡಿ ಕಂಡುಹಿಡಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. 2015ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಯೋಜನೆಯಡಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಕಡಿಮೆ ಬೆಲೆಗೆ ಮನೆಗಳಿಗೆ ಬಂದವು.

ಒಂದು ಲೆಕ್ಕ ಮಾಡಿ ನೋಡಿ. 60 ವ್ಯಾಟಿನ ಬುರುಡೆ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ 1.35 ಯೂನಿಟ್. ಅದೇ ಬೆಳಕನ್ನು ಎಡಿಸನ್ ಕಾಲದ ಇಂಗಾಲದ ದೀಪದಿಂದ ಪಡೆಯಲು 200 ವ್ಯಾಟಿಗೂ ಹೆಚ್ಚು, ಎಂದರೆ ತಿಂಗಳಿಗೆ 30 ಯೂನಿಟ್‌ಗೂ ಮಿಕ್ಕಿ ಬೇಕಾಗುತ್ತಿತ್ತು. ಇಂಗಾಲದ ದೀಪದಿಂದ ಬುರುಡೆ ಬಲ್ಬಿಗೆ ಬಂದ ಮೊದಲ ಇಳಿಕೆಯಲ್ಲಿ ಲ್ಯಾಂಗ್ಮ್ಯೂರರ ಪಾಲು ದೊಡ್ಡದು.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು, ನಿಗದಿತ ಮಿತಿಯೊಳಗೆ ಬಳಸುವ ಮನೆಗಳಿಗೆ ಕರೆಂಟಿನ ಬಿಲ್ಲು ಇಲ್ಲವಾಯಿತು. ಬಡ ಕುಟುಂಬಗಳಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ. ಆದರೆ ಬಿಲ್ಲು ಇಲ್ಲವೆಂದ ಮಾತ್ರಕ್ಕೆ ಕರೆಂಟಿಗೆ ಬೆಲೆ ಇಲ್ಲವೆಂದಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪಕ್ಕೂ ಎಲ್ಲೋ ಒಂದು ಜಲಾಶಯದ ನೀರು ಇಳಿಯುತ್ತದೆ, ಇಲ್ಲವೇ ಕಲ್ಲಿದ್ದಲು ಸುಡುತ್ತದೆ. ಬೆಲೆಯನ್ನು ನಾವು ತೆರದಿದ್ದರೆ ಇನ್ನೊಬ್ಬರು ತೆರುತ್ತಾರೆ. ಶರಾವತಿ ಕಣಿವೆಯವರು ಮೊದಲೇ ತೆತ್ತಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ಲ್ಯಾಂಗ್ಮ್ಯೂರ್ ಮಾಡಿದ್ದು ಇಷ್ಟೇ. ಎಲ್ಲರ ಕಣ್ಣಿಗೂ ಬಿದ್ದ ಕಪ್ಪು ಕಲೆಯನ್ನು ಕಂಡು ಅದು ಏಕೆ ಎಂದು ಕೇಳಿದರು, ಉತ್ತರ ಸಿಗುವ ತನಕ ಬಿಡಲಿಲ್ಲ. ನೂರರಲ್ಲಿ ಐದು ಬೆಳಕಾದರೆ ಉಳಿದ ತೊಂಬತ್ತೈದು ಎಲ್ಲಿ ಹೋಯಿತು ಎಂದು ಕೇಳುವವರು ಇಂದಿಗೂ ಬೇಕು. ಬಲ್ಬಿನಲ್ಲಿ ಅಲ್ಲದಿದ್ದರೆ ನಮ್ಮ ಪಂಪ್‌ಸೆಟ್ಟಿನಲ್ಲಿ, ಒಲೆಯಲ್ಲಿ, ಫ್ಯಾನಿನಲ್ಲಿ. ಮನೆಯ ಮೀಟರನ್ನು ಈ ವಾರ ಒಂದು ಸಲ ಓದಿ, ಪುಸ್ತಕದಲ್ಲಿ ಬರೆದಿಡಿ. ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಮತ್ತೆ ಓದಿ. ಎರಡು ಅಂಕಿಗಳ ನಡುವಿನ ಕರೆಂಟು ಎಲ್ಲೆಲ್ಲಿ ಹೋಯಿತೆಂದು ಮನೆಯವರೊಡನೆ ಕೂತು ಲೆಕ್ಕ ಹಾಕಿ. ಲೆಕ್ಕಕ್ಕೆ ಸಿಗದ ಭಾಗ ಖಂಡಿತ ಉಳಿಯುತ್ತದೆ. ನಿಮ್ಮ ಸಂಶೋಧನೆ ಅಲ್ಲಿಂದ ಶುರುವಾಗಲಿ.